ಸೆಕೆಂಡ್ ಹ್ಯಾಂಡ್ ಗೇಮಿಂಗ್ ಪಿಸಿ ಕೊಳ್ಳುವುದೋ, ಹೊಸದು ಜೋಡಿಸುವುದೋ: ಕಲಬುರಗಿಯ ಲೆಕ್ಕ

"ಐ7 ಪ್ರೊಸೆಸರ್, 16 ಜಿಬಿ ರ‍್ಯಾಮ್, 512 ಜಿಬಿ ಎಸ್‌ಎಸ್‌ಡಿ, ಗ್ರಾಫಿಕ್ಸ್ ಕಾರ್ಡ್ ಸಹಿತ ಗೇಮಿಂಗ್ ಪಿಸಿ. ಅರ್ಜೆಂಟ್ ಮಾರಾಟ." ಕಲಬುರಗಿಯಲ್ಲಿ ಹಳೆಯ ಕಂಪ್ಯೂಟರ್ ಹುಡುಕಲು ಹೊರಟವರಿಗೆ ಮೊದಲು ಎದುರಾಗುವುದು ಈ ಬಗೆಯ ಜಾಹೀರಾತು. ಬೆಲೆ ಹೊಸದರ ಅರ್ಧಕ್ಕಿಂತ ಕಡಿಮೆ. ಫೋಟೊದಲ್ಲಿ ಗಾಜಿನ ಕ್ಯಾಬಿನೆಟ್ಟಿನೊಳಗೆ ಬಣ್ಣಬಣ್ಣದ ದೀಪ. ಈ ಸಾಲಿನಲ್ಲಿ ಒಂದೂ ಸುಳ್ಳಿಲ್ಲದಿರಬಹುದು; ಕೊಳ್ಳುವವರಿಗೆ ಬೇಕಾದ ಮಾಹಿತಿಯೂ ಒಂದೂ ಇಲ್ಲ.

ಇಂಟೆಲ್ ಪ್ರೊಸೆಸರಿಗೆ ಬರೀ ಐ7 ಎಂದರೆ ಸಾಲದು, ಅದರ ಮುಂದಿನ ಅಂಕಿಗಳು ಬೇಕು. ಐ7-4770 ಎಂದರೆ 2013ರಲ್ಲಿ ಬಂದ ನಾಲ್ಕನೇ ತಲೆಮಾರಿನ ಪ್ರೊಸೆಸರ್. 2022ರ ಐ3-12100 ದರ್ಜೆಯಲ್ಲಿ ಕೆಳಗಿದ್ದರೂ ಆಟಗಳಲ್ಲಿ ಅದನ್ನು ಸುಲಭವಾಗಿ ಹಿಂದೆ ಹಾಕುತ್ತದೆ. ಇಂಥ ಹಳೆಯ ಐ7ಗಳ ಮೂಲ ದೊಡ್ಡ ಊರುಗಳ ಕಂಪನಿಗಳು ಕೆಲವು ವರ್ಷ ಬಳಸಿ ವಿಲೇವಾರಿ ಮಾಡಿದ ಆಫೀಸ್ ಕಂಪ್ಯೂಟರುಗಳು. ಅವಕ್ಕೊಂದು ಹೊಸ ಕ್ಯಾಬಿನೆಟ್, ದೀಪದ ಫ್ಯಾನ್, ಸಣ್ಣ ಗ್ರಾಫಿಕ್ಸ್ ಕಾರ್ಡ್ ಸೇರಿಸಿದರೆ 'ಗೇಮಿಂಗ್ ಪಿಸಿ' ಸಿದ್ಧ. ಸರ್ವರಿನಿಂದ ಕಳಚಿದ ಜಿಯಾನ್ ಪ್ರೊಸೆಸರನ್ನು ಹೆಸರು ಕೇಳದ ಕಂಪನಿಯ ಎಕ್ಸ್99 ಮದರ್‌ಬೋರ್ಡಿಗೆ ಕೂರಿಸಿ '12 ಕೋರ್' ಎಂದು ಮಾರುವುದೂ ಇದೇ ಜಾತಿಯ ವ್ಯಾಪಾರ. ಕೋರ್ (ಪ್ರೊಸೆಸರಿನೊಳಗಿನ ಲೆಕ್ಕದ ಘಟಕ) ಎಷ್ಟಿದ್ದರೇನು, ಒಂದೊಂದರ ವೇಗ ಕಡಿಮೆ. ಹೆಚ್ಚಿನ ಆಟಗಳಿಗೆ ಬೇಕಾದದ್ದು ಆ ವೇಗವೇ.

ಹಳೆಯ ಪ್ರೊಸೆಸರಿಗೆ ಇನ್ನೊಂದು ತೊಡಕಿದೆ. ವಿಂಡೋಸ್ 10ಕ್ಕೆ ಮೈಕ್ರೋಸಾಫ್ಟ್‌ನ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿದೆ. ವಿಂಡೋಸ್ 11ಕ್ಕೆ ಅಧಿಕೃತವಾಗಿ ಇಂಟೆಲ್‌ನ ಎಂಟನೇ ತಲೆಮಾರು ಅಥವಾ ಎಎಂಡಿಯ ರೈಜನ್ 2000 ಸರಣಿಯಿಂದ ಈಚಿನ ಪ್ರೊಸೆಸರ್ ಮತ್ತು ಟಿಪಿಎಂ 2.0 ಎಂಬ ಭದ್ರತಾ ವ್ಯವಸ್ಥೆ ಬೇಕು. ಅಡ್ಡದಾರಿಯಲ್ಲಿ ಹಾಕಿಕೊಳ್ಳುವವರಿದ್ದಾರೆ. ಆದರೆ ವ್ಯಾಲೊರಂಟ್‌ನಂಥ ಆಟ, ವಿಂಡೋಸ್ 11ರಲ್ಲಿ ಟಿಪಿಎಂ ಮತ್ತು ಸೆಕ್ಯೂರ್ ಬೂಟ್ (ಕಂಪ್ಯೂಟರ್ ಶುರುವಾಗುವಾಗಲೇ ನಡೆಯುವ ಭದ್ರತಾ ತಪಾಸಣೆ) ಇಲ್ಲದಿದ್ದರೆ ಬಾಗಿಲನ್ನೇ ತೆರೆಯುವುದಿಲ್ಲ. ಆದ್ದರಿಂದ ಮೊದಲ ಗೆರೆಯನ್ನು ಇಲ್ಲೇ ಎಳೆದುಬಿಡುವುದು ಒಳ್ಳೆಯದು: ಎಂಟನೇ ತಲೆಮಾರಿಗಿಂತ ಹಳೆಯ ಇಂಟೆಲ್ ಬೇಡ, ಎಷ್ಟೇ ಅಗ್ಗವಾದರೂ.

ಗೆರೆಯಿಂದ ಈಚೆಗೆ ನಿಜವಾದ ಪ್ರಶ್ನೆ ಶುರುವಾಗುತ್ತದೆ. ಹಳೆಯದೋ ಹೊಸದೋ ಎಂದು ಇಡೀ ಪೆಟ್ಟಿಗೆಗೆ ಒಂದೇ ಉತ್ತರ ಹುಡುಕುವವರು ಸಾಮಾನ್ಯವಾಗಿ ಹಣ ಕಳೆದುಕೊಳ್ಳುತ್ತಾರೆ. ಪೆಟ್ಟಿಗೆಯಲ್ಲಿರುವ ಭಾಗಗಳಿಗೆ ವಯಸ್ಸಾಗುವ ರೀತಿ ಬೇರೆ ಬೇರೆ. ಯಾವುದಕ್ಕೆ ಬೇಗ ವಯಸ್ಸಾಗುತ್ತದೆ, ನಮ್ಮ ಬಿಸಿಲು, ನಮ್ಮ ಕರೆಂಟು ಯಾವುದನ್ನು ಹೆಚ್ಚು ಹಿಂಡುತ್ತದೆ ಎಂದು ನೋಡಿಕೊಂಡರೆ ಉತ್ತರ ತಾನಾಗಿ ಬರುತ್ತದೆ.

ಎಸ್‌ಎಂಪಿಎಸ್: ಎಲ್ಲರೂ ಕೊನೆಗೆ ನೋಡುವುದು, ಮೊದಲು ನೋಡಬೇಕಾದದ್ದು

ಗೋಡೆಯ ಕರೆಂಟನ್ನು ಕಂಪ್ಯೂಟರಿಗೆ ಬೇಕಾದ 12 ವೋಲ್ಟ್‌ಗೆ ಇಳಿಸಿಕೊಡುವ ಈ ಡಬ್ಬಿಯೊಳಗೆ ಎಲೆಕ್ಟ್ರೋಲಿಟಿಕ್ ಕೆಪಾಸಿಟರುಗಳಿರುತ್ತವೆ. ಅವುಗಳಲ್ಲಿರುವ ದ್ರವ ವರ್ಷಗಳು ಕಳೆದಂತೆ ಆರುತ್ತದೆ, ಕಾವು ಹೆಚ್ಚಿದಷ್ಟೂ ಬೇಗ. ಎಂಜಿನಿಯರುಗಳು ಬಳಸುವ ಸ್ಥೂಲ ಲೆಕ್ಕವೊಂದಿದೆ: ಪ್ರತಿ 10 ಡಿಗ್ರಿ ಸೆಲ್ಸಿಯಸ್ ಏರಿಕೆಗೆ ಕೆಪಾಸಿಟರಿನ ಆಯುಷ್ಯ ಅರ್ಧವಾಗುತ್ತದೆ. ಏಪ್ರಿಲ್, ಮೇ ತಿಂಗಳಲ್ಲಿ ಹೊರಗೆ 42 ಡಿಗ್ರಿ ದಾಟುವುದು ಕಲಬುರಗಿಗೆ ಹೊಸದಲ್ಲ. ಆರ್‌ಸಿಸಿ ಚಾವಣಿಯ ಕೆಳಗಿನ ಕೋಣೆ ಮಧ್ಯರಾತ್ರಿಯವರೆಗೂ ಕುದಿಯುತ್ತಿರುತ್ತದೆ. ಬೆಂಗಳೂರಿನ 28 ಡಿಗ್ರಿಯ ಕೋಣೆಯಲ್ಲಿ ಕುಳಿತ ಎಸ್‌ಎಂಪಿಎಸ್‌ಗೂ ನಮ್ಮ 38 ಡಿಗ್ರಿಯ ಕೋಣೆಯಲ್ಲಿ ಕುಳಿತದ್ದಕ್ಕೂ, ಬೇರೆಲ್ಲ ಒಂದೇ ಇದ್ದರೂ, ಆಯುಷ್ಯದಲ್ಲಿ ಎರಡು ಪಟ್ಟು ಅಂತರ. ಐದು ವರ್ಷ ದುಡಿದ ಎಸ್‌ಎಂಪಿಎಸ್ ಹೊರಗಿನಿಂದ ಹೊಸದರಂತೆಯೇ ಕಾಣುತ್ತದೆ. ಸಾಯುವಾಗ ಒಂದೇ ಸಾಯುತ್ತದೆಯೋ, ಬೋರ್ಡನ್ನೂ ಗ್ರಾಫಿಕ್ಸ್ ಕಾರ್ಡನ್ನೂ ಜೊತೆಗೆ ಕರೆದುಕೊಂಡು ಹೋಗುತ್ತದೆಯೋ ಎಂಬುದು ಅದರ ಗುಣಮಟ್ಟಕ್ಕೆ ಬಿಟ್ಟದ್ದು.

ಗುಣಮಟ್ಟ ತಿಳಿಯಲು ಅದರ ಪಕ್ಕದ ಚೀಟಿಯನ್ನು ಮೊಬೈಲ್ ಟಾರ್ಚಿನಲ್ಲಿ ಓದಿ. ಮೇಲೆ ದೊಡ್ಡದಾಗಿ '500 ವ್ಯಾಟ್' ಎಂದಿರುತ್ತದೆ. ಅದನ್ನು ಬಿಟ್ಟು +12 ವೋಲ್ಟ್ ಎಂದು ಬರೆದ ಕಾಲಮ್ಮಿಗೆ ಹೋಗಿ. ಅಲ್ಲಿ 25 ಆಂಪಿಯರ್ ಎಂದಿದ್ದರೆ 25ನ್ನು 12ರಿಂದ ಗುಣಿಸಿ: 300 ವ್ಯಾಟ್. ಪ್ರೊಸೆಸರ್ ಮತ್ತು ಗ್ರಾಫಿಕ್ಸ್ ಕಾರ್ಡ್ ಕುಡಿಯುವುದು ಬಹುಪಾಲು ಈ ಸಾಲಿನಿಂದಲೇ, ಆದ್ದರಿಂದ ಆ ಡಬ್ಬಿಯ ನಿಜವಾದ ಶಕ್ತಿ 300 ಮಾತ್ರ. ಒಳಬರುವ ವೋಲ್ಟೇಜ್ 100ರಿಂದ 240 ಎಂದಿದ್ದರೆ ಅದು ಸಂಜೆ ವೋಲ್ಟೇಜ್ ಕುಸಿದಾಗಲೂ ತಡೆದುಕೊಳ್ಳುವ ಜಾತಿ. 200ರಿಂದ 240 ಎಂದಷ್ಟೇ ಇದ್ದರೆ ಬೇಸಿಗೆಯ ಸಂಜೆಗಳಲ್ಲಿ ಕಂಪ್ಯೂಟರ್ ಕಾರಣವಿಲ್ಲದೆ ಆರಿಹೋಗುವುದನ್ನು ನೋಡುತ್ತೀರಿ.

ನನ್ನ ನಿಲುವು ನೇರವಾಗಿದೆ: ಯಾರ ಹಳೆಯ ಕಂಪ್ಯೂಟರ್ ಕೊಂಡರೂ ಎಸ್‌ಎಂಪಿಎಸ್‌ಗೆ ಸೊನ್ನೆ ಬೆಲೆ ಕಟ್ಟಿ, ಹೊಸದರ ಹಣವನ್ನು ಮೊದಲೇ ಲೆಕ್ಕಕ್ಕೆ ಸೇರಿಸಿಕೊಳ್ಳಿ. ಡೆಲ್, ಎಚ್‌ಪಿಯ ಎಷ್ಟೋ ಆಫೀಸ್ ಪೆಟ್ಟಿಗೆಗಳಲ್ಲಿ ಅದಕ್ಕೂ ದಾರಿಯಿಲ್ಲ. ಅವುಗಳ ಎಸ್‌ಎಂಪಿಎಸ್ ಆಕಾರವೂ ಪ್ಲಗ್ಗೂ ಆ ಕಂಪನಿಯದೇ. ಅಂಗಡಿಯ ಸಾಮಾನ್ಯ ಎಸ್‌ಎಂಪಿಎಸ್ ಹೊಂದುವುದಿಲ್ಲ. ಪ್ರತ್ಯೇಕ ಪವರ್ ಕೇಬಲ್ ಬೇಡದ 75 ವ್ಯಾಟ್‌ನ ಜಿಟಿಎಕ್ಸ್ 1650 ಗ್ರಾಫಿಕ್ಸ್ ಕಾರ್ಡಿನ ಆಚೆಗೆ ಅವು ಏರುವುದು ಕಷ್ಟ.

ಇದೇ ಜಾಗದಲ್ಲಿ ಇನ್ನೆರಡು ಮಾತು. ಚಾಲೂ ಇರುವ ಕ್ಯಾಬಿನೆಟ್ಟಿನ ಲೋಹದ ಭಾಗ ಮುಟ್ಟಿದಾಗ ಬೆರಳಿಗೆ ಜುಮ್ ಎಂದರೆ ಮಾರುವವರು "ಎಲ್ಲದರಲ್ಲೂ ಹಾಗೇ ಅಣ್ಣ" ಎನ್ನುತ್ತಾರೆ. ಅವರು ಹೇಳುವುದು ಪೂರ್ತಿ ತಪ್ಪಲ್ಲ. ಎಸ್‌ಎಂಪಿಎಸ್‌ನ ಫಿಲ್ಟರ್ ಅಲ್ಪ ಪ್ರಮಾಣದ ವಿದ್ಯುತ್ತನ್ನು ಅರ್ಥಿಂಗ್‌ಗೆ ಬಿಡುವಂತೆಯೇ ಕಟ್ಟಿರುತ್ತಾರೆ. ಮನೆಯ ಮೂರನೇ ಪಿನ್ನಿಗೆ ಅರ್ಥ್ ತಂತಿಯೇ ಇಲ್ಲದಿದ್ದರೆ ಅದು ಕ್ಯಾಬಿನೆಟ್ಟಿನಲ್ಲಿ ನಿಲ್ಲುತ್ತದೆ. ಹಾಗಾದರೆ ಆ ಯಂತ್ರ ವರ್ಷಗಟ್ಟಲೆ ಅರ್ಥಿಂಗ್ ಇಲ್ಲದೆ ಓಡಿದೆ ಎಂದಾಯಿತು. ಚೌಕಾಸಿಗೆ ಇದಕ್ಕಿಂತ ಒಳ್ಳೆಯ ಮಾತು ಸಿಗುವುದಿಲ್ಲ, ನಿಮ್ಮ ಮನೆಯ ಅರ್ಥಿಂಗನ್ನೂ ಒಮ್ಮೆ ಎಲೆಕ್ಟ್ರಿಷಿಯನ್‌ಗೆ ತೋರಿಸಲು ನೆಪವೂ ಆಯಿತು. ಇನ್ನು ಯುಪಿಎಸ್: 600 ವಿಎ ಎಂದು ಬರೆದ ಸಾಮಾನ್ಯ ಯುಪಿಎಸ್ ಹೊರುವುದು ಸುಮಾರು 360 ವ್ಯಾಟ್. ಆಟದ ಮಧ್ಯೆ ಕರೆಂಟ್ ಹೋದಾಗ ಮಾನಿಟರನ್ನೂ ಸೇರಿಸಿ ಅಷ್ಟನ್ನು ಎಳೆಯುತ್ತಿದ್ದರೆ ಅದು ಕೀ ಎಂದು ಕೂಗಿ ಕೈಬಿಡುತ್ತದೆ. ಹಳೆಯದಾಗಲಿ ಹೊಸದಾಗಲಿ, ಯುಪಿಎಸ್ ಖರ್ಚು ಎರಡು ಕಡೆಯ ಲೆಕ್ಕದಲ್ಲೂ ಇರಲಿ.

ಗ್ರಾಫಿಕ್ಸ್ ಕಾರ್ಡ್: ಹಣವೂ ಮೋಸವೂ ಇರುವ ಜಾಗ

ಗೇಮಿಂಗ್ ಪಿಸಿಯ ಬೆಲೆಯಲ್ಲಿ ದೊಡ್ಡ ಪಾಲು ಇದರದ್ದೇ. ಹಳೆಯ ಕಾರ್ಡ್ ಎಂದ ಕೂಡಲೇ ಎಲ್ಲರೂ ಕೇಳುವುದು, "ಮೈನಿಂಗ್ ಮಾಡಿದ್ದಾ?" ಅಂದರೆ, ಕ್ರಿಪ್ಟೋ ಹಣ ಗಳಿಸಲು ಹಗಲಿರುಳು ಓಡಿಸಿದ ಕಾರ್ಡೇ ಎಂದು. 2022ರ ಸೆಪ್ಟೆಂಬರ್ 15ರಂದು ಇಥೀರಿಯಂ ಎಂಬ ಕ್ರಿಪ್ಟೋ ಹಣ ತನ್ನ ಕಾರ್ಯವಿಧಾನವನ್ನೇ ಬದಲಿಸಿದಾಗ ಗ್ರಾಫಿಕ್ಸ್ ಕಾರ್ಡ್‌ಗಳಿಂದ ಅದನ್ನು ಗಳಿಸುವ ದಂಧೆ ನಿಂತುಹೋಯಿತು, ರಾಶಿ ರಾಶಿ ಕಾರ್ಡ್‌ಗಳು ಮಾರುಕಟ್ಟೆಗೆ ಬಂದವು. ಅವು ಇಂದಿಗೂ ಕೈಯಿಂದ ಕೈಗೆ ಸುತ್ತುತ್ತಿವೆ. ಆದರೆ ಮೈನಿಂಗ್ ಎಂಬ ಶಬ್ದಕ್ಕೇ ಹೆದರಬೇಕಾಗಿಲ್ಲ. ಒಂದೇ ಕಾವಿನಲ್ಲಿ ನಿರಂತರ ಓಡುವುದರಿಂದ ಚಿಪ್ ಸುಲಭಕ್ಕೆ ಕೆಡುವುದಿಲ್ಲ. ಸವೆಯುವುದು ಫ್ಯಾನಿನ ಬೇರಿಂಗ್, ಒಣಗುವುದು ಚಿಪ್ಪಿನ ಕಾವನ್ನು ಹೀಟ್‌ಸಿಂಕಿಗೆ ದಾಟಿಸುವ ಥರ್ಮಲ್ ಪೇಸ್ಟ್ ಮತ್ತು ಪ್ಯಾಡ್, ದಣಿಯುವುದು ಮೆಮೊರಿ ಚಿಪ್‌ಗಳು. ಬಿಸಿಯಾದ ಕೋಣೆಯಲ್ಲಿ ಧೂಳು ಮುಚ್ಚಿಕೊಂಡು ಐದು ವರ್ಷ ಆಟ ಆಡಿದ ಕಾರ್ಡ್ ಕೂಡ ಇದೇ ಸ್ಥಿತಿಗೆ ಬರುತ್ತದೆ. ಆದ್ದರಿಂದ ಚರಿತ್ರೆ ಕೇಳುವುದಕ್ಕಿಂತ ದೇಹ ನೋಡುವುದು ಮೇಲು.

ಕಾರ್ಡನ್ನು ಕಳಚಿಸಿ ಕೈಗೆ ತೆಗೆದುಕೊಳ್ಳಿ. ಹಿಂಬದಿಯಲ್ಲಿ ಚಿಪ್ ಇರುವ ಕಡೆಯ ನಾಲ್ಕು ಸ್ಕ್ರೂಗಳ ತಲೆ ಸವೆದಿದೆಯೇ, ಅವುಗಳಲ್ಲೊಂದರ ಮೇಲಿರುವ ವಾರಂಟಿ ಚೀಟಿ ಹರಿದಿದೆಯೇ ನೋಡಿ. ಹರಿದಿದ್ದರೆ ಯಾರೋ ಬಿಚ್ಚಿದ್ದಾರೆ. ಪೇಸ್ಟ್ ಬದಲಿಸಲೋ, ರಿಪೇರಿಗೋ ಎಂದು ಕೇಳಿ. ಪ್ಯಾಡುಗಳಿಂದ ಒಸರಿದ ಎಣ್ಣೆಯ ಜಿಡ್ಡು ಬೋರ್ಡಿನ ಅಂಚಿನಲ್ಲಿ ಕಂಡರೆ ಕಾರ್ಡ್ ಬಹಳ ಕಾಲ ಕಾವಿನಲ್ಲಿತ್ತು ಎಂದರ್ಥ. ಫ್ಯಾನನ್ನು ಬೆರಳಿನಿಂದ ಮೆಲ್ಲಗೆ ಅಲುಗಿಸಿ. ಮೇಲೆ ಕೆಳಗೆ ಆಡಬಾರದು. ಹೀಟ್‌ಸಿಂಕಿನ ಅಲ್ಯೂಮಿನಿಯಂ ಹಲ್ಲುಗಳ ನಡುವೆ ಟಾರ್ಚ್ ಹಿಡಿಯಿರಿ. ಶಹಾಬಾದ್, ವಾಡಿ, ಸೇಡಂ ಕಡೆಯ ಮನೆಯಿಂದ ಬಂದ ಯಂತ್ರವಾದರೆ ಕಲ್ಲು, ಸಿಮೆಂಟಿನ ನಯವಾದ ಬೂದುಪುಡಿ ಅಲ್ಲಿ ಕೂತಿರುವುದು ಸಹಜ. ಒಣಗಿದ ಧೂಳು ಬ್ಲೋವರಿಗೆ ಹಾರಿಹೋಗುತ್ತದೆ. ತೇವ ಕುಡಿದು ಗಟ್ಟಿಯಾಗಿ, ಕೆಳಗಿನ ಲೋಹ ಬೆಳ್ಳಗೆ ತುಕ್ಕು ಹಿಡಿದಿದ್ದರೆ ಮಾತು ಮುಂದುವರಿಸಬೇಡಿ.

ಬಳಿಕ ಕಾರ್ಡ್ ಹೇಳಿಕೊಳ್ಳುವ ಹೆಸರು ಅದರದ್ದೇ ಎಂದು ಖಚಿತಪಡಿಸಿಕೊಳ್ಳಬೇಕು. ಹಳೆಯ ಕಾರ್ಡಿನ ಬಯೋಸ್ (ಅದರೊಳಗಿನ ಮೂಲ ತಂತ್ರಾಂಶ) ತಿದ್ದಿ ಹೊಸ ಹೆಸರು ಹಚ್ಚಿ ಮಾರುವುದುಂಟು. ಜಿಪಿಯು-ಜೆಡ್ ಎಂಬ ಉಚಿತ ತಂತ್ರಾಂಶ ಇಂಥ ಎಷ್ಟೋ ಕಾರ್ಡ್‌ಗಳನ್ನು ನಕಲಿ ಎಂದು ಹೆಸರಿನ ಹಿಂದೆಯೇ ಬರೆದು ತೋರಿಸುತ್ತದೆ. ಇನ್ನು ಕೆಲವು ಕಾರ್ಡ್‌ಗಳು ಅಸಲಿಯೇ, ಹೆಸರಿನಲ್ಲಿ ಮಾತ್ರ ಚಮತ್ಕಾರ. ಅಸಲು ಆರ್‌ಎಕ್ಸ್ 580ರಲ್ಲಿ 2304 ಶೇಡರ್‌ಗಳಿವೆ (ಚಿತ್ರದ ಲೆಕ್ಕ ಮಾಡುವ ಚಿಕ್ಕ ಘಟಕಗಳು). '2048 ಎಸ್‌ಪಿ' ಎಂದು ಬರುವ ಆರ್‌ಎಕ್ಸ್ 580ರಲ್ಲಿ 2048, ಅಂದರೆ ಅದು ವಾಸ್ತವದಲ್ಲಿ 570. ಜಿಟಿಎಕ್ಸ್ 1060ರ 3 ಜಿಬಿ ರೂಪದಲ್ಲಿ ಮೆಮೊರಿಯಷ್ಟೇ ಅಲ್ಲ, ಕೋರ್‌ಗಳೂ ಕಡಿಮೆ. ಆರ್‌ಟಿಎಕ್ಸ್ 3060ರಲ್ಲಿ 12 ಜಿಬಿಯದು ಒಳ್ಳೆಯದು. ಅದೇ ಹೆಸರಿನ 8 ಜಿಬಿಯದು ಅದಕ್ಕಿಂತ ನಿಧಾನ.

ಆಮೇಲೆ ಅರ್ಧ ಗಂಟೆ ಓಡಿಸಿ. ಕಾರ್ಡಿಗೆ ಭಾರ ಹೇರುವ ಫರ್‌ಮಾರ್ಕ್ ತಂತ್ರಾಂಶ ಆಗಬಹುದು, ಭಾರದ ಆಟವಾದರೆ ಇನ್ನೂ ಒಳ್ಳೆಯದು. ಪಕ್ಕದಲ್ಲಿ ಕಾವು ತೋರಿಸುವ ಎಚ್‌ಡಬ್ಲ್ಯೂಇನ್‌ಫೋ ತಂತ್ರಾಂಶ ತೆರೆದಿರಲಿ. ಅದರಲ್ಲಿ ಜಿಪಿಯು (ಗ್ರಾಫಿಕ್ಸ್ ಚಿಪ್) ಕಾವು ಮತ್ತು ಹಾಟ್‌ಸ್ಪಾಟ್ (ಆ ಚಿಪ್ಪಿನ ಅತಿ ಬಿಸಿಯಾದ ಜಾಗ) ಎಂಬ ಎರಡು ಸಾಲುಗಳಿರುತ್ತವೆ. ಎರಡರ ನಡುವಿನ ಅಂತರ 10–15 ಡಿಗ್ರಿ ಇದ್ದರೆ ಸರಿ. 25 ದಾಟಿದರೆ ಪೇಸ್ಟ್ ಸತ್ತಿದೆ. ಕೋಣೆಯ ಕಾವನ್ನೂ ಗಮನಿಸಿ: ಡಿಸೆಂಬರಿನ ಸಂಜೆ 22 ಡಿಗ್ರಿಯಲ್ಲಿ 75 ತೋರಿಸುವ ಕಾರ್ಡ್, ಮೇ ತಿಂಗಳಲ್ಲಿ 40 ಡಿಗ್ರಿಯ ಕೋಣೆಯಲ್ಲಿ 93ರ ಹತ್ತಿರ ಹೋಗಿ ತಾನೇ ವೇಗ ತಗ್ಗಿಸಿಕೊಳ್ಳುತ್ತದೆ. ಚಳಿಗಾಲದಲ್ಲಿ ಪರೀಕ್ಷಿಸಿ ಕೊಂಡು ಬೇಸಿಗೆಯಲ್ಲಿ ಗೊಣಗುವವರು ನಮ್ಮೂರಿನಲ್ಲಿ ಕಡಿಮೆಯಿಲ್ಲ.

ಯಾವ ಕಾರ್ಡಿನಿಂದ ಹಿಂದೆ ಹೋಗಬಾರದು? ಎನ್‌ವಿಡಿಯಾ ತನ್ನ ಜಿಟಿಎಕ್ಸ್ 900 ಮತ್ತು 10 ಸರಣಿಗಳಿಗೆ ಹೊಸ ಆಟಗಳ ಡ್ರೈವರ್ (ಕಾರ್ಡನ್ನು ನಡೆಸುವ ತಂತ್ರಾಂಶ) ಕೊಡುವುದನ್ನು 2025ರ ಅಕ್ಟೋಬರಿಗೆ ಮುಗಿಸಿದೆ. 2028ರವರೆಗೆ ಭದ್ರತಾ ತಿದ್ದುಪಡಿಗಳು ಮಾತ್ರ. ಹೀಗಾಗಿ 1060, 1070, 1080ಗಳ ಕಾಲ ಮುಗಿಯಿತು ಎನ್ನಬಹುದು. 1660 ಸೂಪರ್, ಆರ್‌ಟಿಎಕ್ಸ್ 2060, 3060, ಆರ್‌ಎಕ್ಸ್ 6600 ಇವು ಸೆಕೆಂಡ್ ಹ್ಯಾಂಡ್‌ನಲ್ಲಿ ಇನ್ನೂ ಮಾತನಾಡಿಸಬಹುದಾದವು. ಹೊಸ ಆಟಗಳೇ ಗುರಿಯಾದರೆ 8 ಜಿಬಿ ಮೆಮೊರಿಗಿಂತ ಕೆಳಗೆ ಇಳಿಯಬೇಡಿ.

ಉಳಿದವು

ಪ್ರೊಸೆಸರನ್ನು ಹಳೆಯದೇ ಕೊಳ್ಳಿ, ಹೆದರಿಕೆ ಬೇಡ. ಅದು ಕೆಡುವುದು ಅಪರೂಪ. ಒಂದೇ ವಿನಾಯಿತಿ ಇಂಟೆಲ್‌ನ 13 ಮತ್ತು 14ನೇ ತಲೆಮಾರಿನ ದೊಡ್ಡ ಚಿಪ್‌ಗಳು, ಮುಖ್ಯವಾಗಿ ಐ7, ಐ9. ಅಗತ್ಯಕ್ಕಿಂತ ಹೆಚ್ಚಿನ ವೋಲ್ಟೇಜ್‌ನಿಂದ ಅವುಗಳಲ್ಲಿ ಕೆಲವು ಒಳಗೇ ಹಾಳಾಗುತ್ತಿದ್ದವು. ಇಂಟೆಲ್ 2024ರಲ್ಲಿ ತಿದ್ದುಪಡಿ ಬಿಟ್ಟು ವಾರಂಟಿಯನ್ನು ಎರಡು ವರ್ಷ ವಿಸ್ತರಿಸಿತು. ಆದರೆ ಅಷ್ಟರೊಳಗೆ ಹಾಳಾದ ಚಿಪ್ ಮತ್ತೆ ಸರಿಯಾಗುವುದಿಲ್ಲ. ಮದರ್‌ಬೋರ್ಡಿನಲ್ಲಿ ಇಂಟೆಲ್ ಆದರೆ ಸಾಕೆಟ್ಟಿನ ಪಿನ್ನುಗಳನ್ನು, ಎಎಂಡಿಯ ಎಎಂ4 ಸಾಕೆಟ್ ಆದರೆ ಪ್ರೊಸೆಸರಿನ ಕಾಲುಗಳನ್ನು ಬಾಗಿಲ್ಲವೆಂದು ನೋಡಿ. ಎಎಂ4 ಬೋರ್ಡ್ ಇರುವ ಹಳೆಯ ಯಂತ್ರಕ್ಕೆ ನನ್ನ ಒಲವು ಸ್ವಲ್ಪ ಹೆಚ್ಚು. ಎಎಂ4 ಜಾತಿಯ ಬಿ450 ಬೋರ್ಡಿನಲ್ಲಿ ಇಂದು ರೈಜನ್ 5 2600 ಇದ್ದರೂ, ಬಯೋಸ್ ಅಪ್‌ಡೇಟ್ ಮಾಡಿ ನಾಳೆ 5600 ಕೂರಿಸಬಹುದು.

ಎಸ್‌ಎಸ್‌ಡಿಗೆ ಕ್ರಿಸ್ಟಲ್‌ಡಿಸ್ಕ್‌ಇನ್‌ಫೋ ಎಂಬ ತಂತ್ರಾಂಶ ಹಾಕಿದರೆ ಆರೋಗ್ಯದ ಶೇಕಡಾವಾರು, ಓಡಿದ ಗಂಟೆ, ಬರೆದ ಒಟ್ಟು ದತ್ತಾಂಶ ಮೂರೂ ಕಾಣುತ್ತವೆ. ಓಡಿದ ಗಂಟೆ ಮಾರುವವರ ಮಾತಿಗೆ ಸಾಕ್ಷಿಯೂ ಹೌದು: "ಒಂದೇ ವರ್ಷ ಬಳಸಿದ್ದು" ಎಂದವರ ಡಿಸ್ಕ್ 20,000 ಗಂಟೆ ತೋರಿಸಿದರೆ, ಒಂದು ವರ್ಷದಲ್ಲಿ ಇರುವುದೇ 8,760 ಗಂಟೆ. ಕ್ಯಾಬಿನೆಟ್, ಕೀಬೋರ್ಡ್, ದೀಪಗಳ ಬಗ್ಗೆ ಬರೆಯುವಂಥದ್ದೇನೂ ಇಲ್ಲ.

ರ‍್ಯಾಮ್ ಬಗ್ಗೆ ಒಂದೆರಡು ವರ್ಷದ ಹಿಂದೆ ಇದೇ ಮಾತು ಹೇಳಬಹುದಿತ್ತು. ಈಗ ಆಗದು. ಎಐ ಡೇಟಾ ಸೆಂಟರುಗಳು ಮೆಮೊರಿ ಚಿಪ್‌ಗಳನ್ನು ಸಗಟಾಗಿ ಎಳೆದುಕೊಳ್ಳತೊಡಗಿದ ಮೇಲೆ, 2025ರ ಕೊನೆಯ ತಿಂಗಳುಗಳಲ್ಲಿ ಹೊಸ ತಲೆಮಾರಿನ ಡಿಡಿಆರ್5 ರ‍್ಯಾಮ್ ಬೆಲೆ ಎರಡು ಪಟ್ಟನ್ನೂ ಮೀರಿ ಏರಿತು, ಹಿಂದಿನ ತಲೆಮಾರಿನ ಡಿಡಿಆರ್4 ಕೂಡ ಅದನ್ನು ಹಿಂಬಾಲಿಸಿತು. ಕ್ರೂಶಿಯಲ್ ಹೆಸರಿನಲ್ಲಿ ಜನಸಾಮಾನ್ಯರಿಗೆ ರ‍್ಯಾಮ್ ಮಾರುತ್ತಿದ್ದ ಮೈಕ್ರಾನ್ ಆ ವ್ಯಾಪಾರವನ್ನೇ ಮುಚ್ಚುವುದಾಗಿ ಡಿಸೆಂಬರಿನಲ್ಲಿ ಪ್ರಕಟಿಸಿತು. ಹೊಸದಾಗಿ ಜೋಡಿಸುವವರಿಗೆ ಇದು ನೇರ ಹೊಡೆತ, ಏಕೆಂದರೆ ಎಎಂಡಿಯ ಹೊಸ ಎಎಂ5 ಬೋರ್ಡ್‌ಗಳು ಡಿಡಿಆರ್5 ಬಿಟ್ಟು ಬೇರೆಯದನ್ನು ಒಪ್ಪುವುದಿಲ್ಲ. ಈ ಏರಿಕೆಯ ಸುದ್ದಿ ಮುಟ್ಟದ ಮಾರಾಟಗಾರರಿಂದ 32 ಜಿಬಿ ಡಿಡಿಆರ್4 ಇರುವ ಹಳೆಯ ಯಂತ್ರ ಸಿಕ್ಕರೆ ಲಾಭ ನಿಮ್ಮದು. ತಕ್ಕಡಿ ಈಗ ಹಳೆಯದರ ಕಡೆಗೆ ಹಿಂದೆಂದಿಗಿಂತ ಹೆಚ್ಚು ವಾಲಿದ್ದರೆ ಅದಕ್ಕೆ ಮುಖ್ಯ ಕಾರಣ ಇದು.

ಲೆಕ್ಕ ಹಾಕುವ ಬಗೆ

ಒಂದು ಊಹೆಯ ಉದಾಹರಣೆ. ರೈಜನ್ 5 3600, ಬಿ450 ಬೋರ್ಡ್, 16 ಜಿಬಿ ರ‍್ಯಾಮ್, 1660 ಸೂಪರ್, 500 ಜಿಬಿ ಎಸ್‌ಎಸ್‌ಡಿ ಇರುವ ಯಂತ್ರಕ್ಕೆ 38,000 ರೂಪಾಯಿ ಕೇಳುತ್ತಿದ್ದಾರೆ ಎಂದುಕೊಳ್ಳಿ. ಅದಕ್ಕೆ ಹೊಸ ಎಸ್‌ಎಂಪಿಎಸ್‌ಗೆ 4,500, ಪೇಸ್ಟ್ ಮತ್ತು ಸ್ವಚ್ಛತೆಗೆ 500 ಸೇರಿಸಿ: 43,000. ಇದು ಅದರ ನಿಜವಾದ ಬೆಲೆ. ಅಷ್ಟೇ ವೇಗದಲ್ಲಿ ಆಟ ಆಡಿಸುವ ಹೊಸ ಯಂತ್ರಕ್ಕೆ ಕಲಬುರಗಿಯ ಸೂಪರ್ ಮಾರ್ಕೆಟ್ ಪ್ರದೇಶದ ಕಂಪ್ಯೂಟರ್ ಅಂಗಡಿಯಲ್ಲಿ ಶೇಕಡಾ 18ರ ಜಿಎಸ್‌ಟಿ ಸೇರಿದ ಕೊಟೇಶನ್ ಬರೆಸಿ. ಅದು 60,000 ಬಂದಿತೆನ್ನಿ. ಹಳೆಯದರ ನಿಜಬೆಲೆ ಹೊಸದರ ಮೂರನೇ ಎರಡು ಭಾಗವನ್ನು, ಅಂದರೆ ಇಲ್ಲಿ 40,000ವನ್ನು ದಾಟಬಾರದು ಎಂಬುದು ನಾನು ಇಟ್ಟುಕೊಂಡ ಅಳತೆ. ಹಾಗಾದರೆ ಮಾರುವವರಿಗೆ ಕೊಡಬಹುದಾದದ್ದು ಹೆಚ್ಚೆಂದರೆ 35,000. ಒಪ್ಪದಿದ್ದರೆ ಎದ್ದು ಬನ್ನಿ.

ಆ ಮೂರನೇ ಒಂದು ಭಾಗದ ಅಂತರ ಯಾವುದಕ್ಕೆ? ವಾರಂಟಿಗೆ. ಹೊಸ ಪ್ರೊಸೆಸರಿಗೂ ಗ್ರಾಫಿಕ್ಸ್ ಕಾರ್ಡಿಗೂ ಸಾಮಾನ್ಯವಾಗಿ ಮೂರು ವರ್ಷ ಇರುತ್ತದೆ. ಕಲಬುರಗಿಯಲ್ಲಿ ವಾರಂಟಿ ಎಂದರೆ ಹೆಚ್ಚಿನ ಸಲ ಹೈದರಾಬಾದಿಗೋ ಬೆಂಗಳೂರಿಗೋ ಪಾರ್ಸೆಲ್ ಕಳುಹಿಸಿ ವಾರಗಟ್ಟಲೆ ಕಾಯುವುದು, ನಿಜ. ಆದರೂ ಸ್ಥಳೀಯ ಅಂಗಡಿಯ ಬಿಲ್ ಇದ್ದರೆ ಆ ಓಡಾಟವನ್ನು ಅವರ ಹೆಗಲಿಗೆ ಹಾಕಬಹುದು. ಸಿಕಂದರಾಬಾದಿನ ಕಂಪ್ಯೂಟರ್ ಮಾರುಕಟ್ಟೆಯಾದ ಚೆನಾಯ್ ಟ್ರೇಡ್ ಸೆಂಟರಿನಲ್ಲಿ ಸ್ವಲ್ಪ ಅಗ್ಗಕ್ಕೆ ಸಿಗುತ್ತದೆ ಎಂದು ರೈಲು ಹತ್ತುವವರು ಉಳಿತಾಯದಿಂದ ರೈಲಿನ ಖರ್ಚನ್ನೂ, ಭಾಗವೊಂದು ಕೆಟ್ಟರೆ ಮತ್ತೆ ಹೋಗಬೇಕಾದ ದಿನವನ್ನೂ ಕಳೆದು ನೋಡಲಿ. ಬೀದರಿನವರಿಗೆ ಹೈದರಾಬಾದ್ ಹತ್ತಿರ, ಅವರ ಲೆಕ್ಕ ಬೇರೆ. ಹಳೆಯದನ್ನು ಕೊಳ್ಳುವಾಗಲೂ ಮೂಲ ಬಿಲ್ ಕೇಳಿ ಪಡೆಯಿರಿ. ಎಷ್ಟೋ ಕಂಪನಿಗಳು ಸೀರಿಯಲ್ ನಂಬರ್ ನೋಡಿ ಉಳಿದ ವಾರಂಟಿ ಕೊಡುತ್ತವೆ, ಕೆಲವು ಬಿಲ್ ಇಲ್ಲದೆ ಮಾತನಾಡುವುದಿಲ್ಲ. ಹಳೆಯದರಲ್ಲಿ ಒಂದು ವರ್ಷದ ವಾರಂಟಿ ಉಳಿದಿದ್ದರೆ ನನ್ನ ಅಳತೆಯನ್ನು ಮುಕ್ಕಾಲಿಗೆ ಏರಿಸಲು ಸಿದ್ಧ.

ಕರೆಂಟಿನ ಲೆಕ್ಕವೂ ಚಿಕ್ಕದಲ್ಲ. ಆಟದ ವೇಳೆ 300 ವ್ಯಾಟ್ ಎಳೆಯುವ ಯಂತ್ರ ದಿನಕ್ಕೆ ನಾಲ್ಕು ಗಂಟೆ ಓಡಿದರೆ ತಿಂಗಳಿಗೆ 36 ಯೂನಿಟ್. ಗೃಹಜ್ಯೋತಿಯ ಉಚಿತ ಮಿತಿ ಮನೆಯ ಹಿಂದಿನ ಸರಾಸರಿ ಬಳಕೆಯ ಮೇಲೆ ನಿಂತಿದೆ. ಅದನ್ನು ಮೀರಿದರೆ ಹೆಚ್ಚುವರಿಗೆ ಹಣ, 200 ಯೂನಿಟ್ ದಾಟಿದರೆ ಇಡೀ ಬಿಲ್. ಬೇಸಿಗೆಯಲ್ಲಿ ಕೂಲರ್ ಜೊತೆಗೆ ಓಡುವಾಗ ಈ 36 ಯೂನಿಟ್ ಮನೆಯನ್ನು ಗೆರೆಯಾಚೆ ತಳ್ಳಬಲ್ಲದು. ಹೊಸ ಕಾರ್ಡ್‌ಗಳು ಇಲ್ಲಿ ಗೆಲ್ಲುತ್ತವೆ: ಆರ್‌ಎಕ್ಸ್ 580ರ ಮಿತಿ 185 ವ್ಯಾಟ್, ಅದಕ್ಕಿಂತ ಬಹಳ ವೇಗದ ಆರ್‌ಟಿಎಕ್ಸ್ 4060ರ ಮಿತಿ 115.

ಯಾರಿಗೆ ಯಾವುದು ಎಂದು ಕೇಳಿದರೆ ಹೀಗೆ ಹೇಳುತ್ತೇನೆ. ಕಂಪ್ಯೂಟರ್ ಬಿಚ್ಚಿ ಜೋಡಿಸುವ ಕೈ ಇದ್ದು, ಕೆಟ್ಟರೆ ಒಂದು ವಾರ ಆಟವಿಲ್ಲದೆ ಇರಬಲ್ಲ ಎಂಜಿನಿಯರಿಂಗ್ ವಿದ್ಯಾರ್ಥಿ ಹಳೆಯದನ್ನೇ ಕೊಳ್ಳಲಿ, ಉಳಿದ ಹಣವನ್ನು ಎಸ್‌ಎಂಪಿಎಸ್‌ಗೆ ಹಾಕಲಿ. ಮಗ ಕಾಲೇಜಿನ ಪ್ರಾಜೆಕ್ಟನ್ನೂ ಅದರಲ್ಲೇ ಮಾಡಬೇಕು, ಕೆಟ್ಟರೆ ನೋಡುವವರು ಮನೆಯಲ್ಲಿ ಯಾರೂ ಇಲ್ಲ ಎನ್ನುವ ತಂದೆತಾಯಿ ಹೊಸದಕ್ಕೆ ಹೋಗಲಿ. ಇವೆರಡರ ನಡುವೆ, ನನಗೆ ಎಲ್ಲಕ್ಕಿಂತ ಹಿಡಿಸುವ ದಾರಿ ಮೂರನೆಯದು: ಪ್ರೊಸೆಸರ್, ಬೋರ್ಡ್, ರ‍್ಯಾಮ್ ಒಟ್ಟಿಗೆ ಹಳೆಯದು, ಎಸ್‌ಎಂಪಿಎಸ್, ಎಸ್‌ಎಸ್‌ಡಿ ಹೊಸದು, ಗ್ರಾಫಿಕ್ಸ್ ಕಾರ್ಡ್ ಬಿಲ್ ಇದ್ದರೆ ಹಳೆಯದು, ಇಲ್ಲದಿದ್ದರೆ ಹೊಸದು.

ಬೇರೆ ಊರಿನಿಂದ ಯಂತ್ರ ತರುವುದಾದರೆ ಗ್ರಾಫಿಕ್ಸ್ ಕಾರ್ಡನ್ನು ಕಳಚಿ ಬಟ್ಟೆಯಲ್ಲಿ ಸುತ್ತಿ ಬೇರೆಯಾಗಿ ತನ್ನಿ. ಬಸ್ಸಿನ ಕುಲುಕಾಟಕ್ಕೆ ಅದರ ಭಾರವೇ ಬೋರ್ಡಿನ ಸ್ಲಾಟನ್ನು ಸೀಳುತ್ತದೆ. ಮನೆಗೆ ಬಂದ ಮೇಲೆ ಹಿಂದಿನವರ ವಿಂಡೋಸನ್ನು ಪೂರ್ತಿ ಅಳಿಸಿ ಹೊಸದಾಗಿ ಹಾಕಿ. ಟಾಸ್ಕ್ ಮ್ಯಾನೇಜರಿನ ಮೆಮೊರಿ ಪುಟದಲ್ಲಿ ರ‍್ಯಾಮ್ ವೇಗ ನೋಡಿ. 3200ರ ರ‍್ಯಾಮ್ 2133 ಅಥವಾ 2400 ಎಂದು ತೋರಿಸುತ್ತಿದ್ದರೆ ಹಿಂದಿನವರು ಬಯೋಸ್‌ನಲ್ಲಿ ಎಕ್ಸ್‌ಎಂಪಿ (ಮೆಮೊರಿಯನ್ನು ಅದರ ಪೂರ್ತಿ ವೇಗಕ್ಕೆ ಏರಿಸುವ ಆಯ್ಕೆ) ಚಾಲೂ ಮಾಡಿಯೇ ಇಲ್ಲ. ಮಾಡಿಕೊಂಡರೆ, ಕೊಟ್ಟ ಹಣಕ್ಕೆ ಆಟದಲ್ಲಿ ಸೆಕೆಂಡಿಗೆ ಇನ್ನಷ್ಟು ಫ್ರೇಮ್ (ಚಿತ್ರ) ಸಿಗುತ್ತವೆ.